ಅರಿಶಿನ ಕೊಂಬಿನ ನೆರಳು

"ಅಮ್ಮಾ, ಆರತಿ ಅಕ್ಕ ಎಕ್ಸ್-ರೇ ತೆಗ್ದಾಗ ಒಳಗಿರೋ ಸುಳ್ಳೂ ಕಾಣುತ್ತಾ?"

ಜಡೆ ಹಾಕುವಾಗ ಮೇಧಾ ಕೇಳಿದ ಪ್ರಶ್ನೆ ಇದು. ಹಿಂದಿನ ದಿನ ಹಾಲನ್ನು ಗುಲಾಬಿ ಕುಂಡಕ್ಕೆ ಸುರಿದು "ಕುಡಿದೆ" ಅಂದಿದ್ದಳು, ಅದರ ಅಳುಕು ಇರಬೇಕು. "ಮೂಳೆ ಕಾಣುತ್ತೆ ಅಷ್ಟೆ, ತಲೆ ಅಲ್ಲಾಡಿಸ್ಬೇಡ" ಅಂದೆ. ಅಷ್ಟರಲ್ಲಿ ಶಾಲೆಯ ವ್ಯಾನು ಬಂತು. ಆರು ವರ್ಷದವಳಿಗೆ ಆ ಉತ್ತರ ಸಾಕು. ಆದರೆ ಕೇಳಿದ್ದು ಆರತಿಯ ವಿಷಯ. ಆರತಿಯ ವಿಷಯದಲ್ಲಿ ಹೇಳಬೇಕಾದದ್ದು ಇನ್ನೂ ಇದೆ. ಮೇಧಾ ದೊಡ್ಡವಳಾದ ಮೇಲೆ ಓದಿಕೊಳ್ಳಲಿ ಎಂದು ದಿನಚರಿಯ ಹಾಳೆಗಳನ್ನು ತಿರುವಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ಓದಿನ ತರಬೇತಿಗೆಂದು ಆರತಿ ಸಾಗರದ ನಮ್ಮ ಮನೆಯ ಮಹಡಿ ಕೋಣೆಗೆ ಬಂದದ್ದು ಕಳೆದ ವರ್ಷ ಜೂನ್ ತಿಂಗಳಲ್ಲಿ. ಊರು ಹೊಸನಗರ ತಾಲ್ಲೂಕಿನ ಹುಂಚದ ಹತ್ತಿರ. ತಂದೆ ದೇವಕುಮಾರ ಅವರಿಗೆ ಬಸ್ಸು ನಿಲ್ಲುವ ಜಾಗದ ಎದುರಿಗೇ ಒಂದು ಕಿರಾಣಿ ಅಂಗಡಿ. ಮಗಳ ಟ್ರಂಕು, ಹಾಸಿಗೆ, ಅಂಗಡಿಯಿಂದಲೇ ಕಟ್ಟಿಸಿ ತಂದ ಬೇಳೆ, ಬೆಲ್ಲ, ಅರಿಶಿನ ಕೊಂಬು ಎಲ್ಲವನ್ನೂ ತಾವೇ ಮಹಡಿಗೆ ಹೊತ್ತು ಹಾಕಿ, ಬೆವರು ಒರೆಸಿಕೊಂಡು ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ಅಲ್ಲಮ್ಮಾ, ಆಸ್ಪತ್ರೆಲಿ ಇವಳಿಗೆ ಹೊತ್ತು ಮುಳುಗೋದ್ರೊಳಗೆ ಊಟ ಮಾಡಕ್ಕೆ ಬಿಡ್ತಾರೋ ಇಲ್ವೋ?"

"ಬಿಡ್ದೇ ಇದ್ರೆ ಉಪವಾಸ ಇರ್ತೀನಿ ಅಪ್ಪಾ. ಅಜ್ಜಿ ಪರ್ವದ ದಿನ ಇರ್ಲಿಲ್ವಾ?" ಅಂದಳು ಆರತಿ.

"ಅಜ್ಜಿ ಮನೇಲಿ ಕೂತು ಇರ್ತಿದ್ರು. ನೀನು ನಿಂತ್ಕೊಂಡಿರ್ತೀಯ."

ಅವರು ಜೈನರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಈರುಳ್ಳಿ, ಆಲೂಗಡ್ಡೆ, ನೆಲದೊಳಗೆ ಬೆಳೆಯುವ ಹಸಿ ಗೆಡ್ಡೆ ಯಾವುದೂ ಇಲ್ಲ. ಆಮೇಲೆ ನಡೆದದ್ದೇನೆಂದರೆ, ಐದೂಮುಕ್ಕಾಲಿಗೆ ಆಸ್ಪತ್ರೆಯಿಂದ ಓಡಿ ಬಂದು ಆರತಿ ಊಟಕ್ಕೆ ಕೂತರೆ ನಮ್ಮ ಮೇಧಾಳೂ ತಟ್ಟೆ ಹಿಡಿದು ಎದುರಿಗೆ ಕೂರತೊಡಗಿದಳು. ಎಂಟು ಗಂಟೆಗೆ ನಾನು ಬೆನ್ನಟ್ಟಿ ಉಣಿಸುವ ಕಾಟ ತಪ್ಪಿತು.

ಅವಳು ಈ ಓದಿಗೆ ಬಂದ ಕಾರಣವನ್ನು ಬಟ್ಟೆ ಒಣಹಾಕುವಾಗ ಹೇಳಿದ್ದಳು. ಪಿಯುಸಿ ಮುಗಿಸಿ ಎರಡು ವರ್ಷ ಅಂಗಡಿಯಲ್ಲಿ ಬೆಲ್ಲ ತೂಗಿಕೊಂಡಿದ್ದವಳು ಅವಳು. ಒಂದು ದಿನ ಅಪ್ಪ ಅಟ್ಟದ ಏಣಿಯಿಂದ ಜಾರಿ ಬಿದ್ದರು. ಮಣಿಕಟ್ಟು ನೋಡನೋಡುತ್ತ ಊದಿತು. ಹತ್ತಿರದ ಆಸ್ಪತ್ರೆಗೆ ಓಡಿದರೆ ಎಕ್ಸ್-ರೇ ಯಂತ್ರ ಇದೆ, ಅದನ್ನು ನಡೆಸುವವರಿಲ್ಲ. ಹುದ್ದೆ ಖಾಲಿ. ಹಳೆಯ ಬಿಲ್ ಪುಸ್ತಕವನ್ನು ಕೈಗೆ ಆನಿಸಿ ಟವೆಲ್ಲಿನಲ್ಲಿ ಬಿಗಿದು, ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋದರು. ಪ್ರತಿ ತಿರುವಿಗೂ ಅಪ್ಪ ಹಲ್ಲು ಕಚ್ಚುತ್ತಿದ್ದರಂತೆ.

"ಆ ಯಂತ್ರ ಬಟ್ಟೆ ಹೊದ್ಕೊಂಡು ಮಲಗಿತ್ತು ಅಕ್ಕಾ. ಹೊಸಾದು. ನಂಗೆ ಅದನ್ನ ಎಬ್ಬಿಸ್ಬೇಕು ಅನ್ನಿಸ್ಬಿಡ್ತು."

ಅದೇ ವರ್ಷ ಶಿವಮೊಗ್ಗದಲ್ಲಿ ಎಕ್ಸ್-ರೇ ಡಿಪ್ಲೊಮಾಕ್ಕೆ ಸೇರಿದಳು. ಆ ಕಿರಣ ಮೈಗೆ ಬಿದ್ದವಳಿಗೆ ನಾಳೆ ಮಕ್ಕಳಾಗಲಿಕ್ಕಿಲ್ಲ, ಗಂಡು ಸಿಗುವುದು ಕಷ್ಟ ಎಂದು ನೆಂಟರು ಹೆದರಿಸಿದರಂತೆ. ಅವಳು ಸೀಸದ ಏಪ್ರನ್ ತೊಟ್ಟ ಫೋಟೋವನ್ನು ಅಂಥ ಒಬ್ಬರಿಗೆ ಕಳಿಸಿ, "ಅತ್ತೇ, ಇದು ನಮ್ಮ ರಕ್ಷಾಕವಚ, ನಿಮ್ಮ ಮಗನ ಹೆಲ್ಮೆಟ್‌ಗಿಂತ ಗಟ್ಟಿ" ಎಂದು ಬರೆದಿದ್ದಳು. ಅವಳ ಎದೆಯ ಮೇಲೆ ಒಂದು ಬಿಲ್ಲೆ ಯಾವಾಗಲೂ ಇರುತ್ತದೆ. ಎಷ್ಟು ಕಿರಣ ತಾಗಿದೆ ಎಂದು ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಅಳೆಸುತ್ತಾರೆ. ಮೇಧಾಗೆ ಅದು ಕ್ಲಾಸ್ ಲೀಡರ್ ಬ್ಯಾಡ್ಜು.

ಓದು ಮುಗಿದು ಕೊನೆಯ ಹಂತದ ತರಬೇತಿಗೆ ಸಾಗರದ ಒಂದು ಖಾಸಗಿ ಆಸ್ಪತ್ರೆಗೆ ಅವಳನ್ನು ಹಾಕಿದ್ದರು. ಕಲಿಸುವವರು ದುರ್ಗೇಶ್, ಇಪ್ಪತ್ತು ವರ್ಷದ ಅನುಭವಿ. ಆರತಿ ತೆಗೆದ ಪ್ರತಿ ಚಿತ್ರವನ್ನೂ ಒಂದು ಲಾಗ್ ಬುಕ್ಕಿನಲ್ಲಿ ಬರೆಯಬೇಕು, ಅದರ ಕೊನೆಗೆ ದುರ್ಗೇಶ್ ಸಹಿ ಹಾಕಬೇಕು. ಆ ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹೋಯಿತೆಂದೇ ಲೆಕ್ಕ.

ಮನೆಯಲ್ಲೂ ಅಭ್ಯಾಸ ನಡೆಯುತ್ತಿತ್ತು. ರೋಗಿ ಮೇಧಾ, ಯಂತ್ರ ನಮ್ಮ ಗೋದ್ರೆಜ್ ಬೀರು. "ಎದೆ ಬೀರುವಿಗೆ ಒತ್ತು. ಗಲ್ಲ ಮೇಲೆ. ಭುಜ ಮುಂದೆ ತಾ. ಉಸಿರು ಎಳ್ಕೋ... ಹಿಡ್ಕೋ..." ಒಂದು ದಿನ ಅಷ್ಟು ಹೇಳಿದವಳೇ ಫೋನ್ ಬಂತೆಂದು ಮಹಡಿಗೆ ಓಡಿದಳು. ನಾನು ಅಡುಗೆಮನೆಯಿಂದ ಬಂದು ನೋಡಿದರೆ ಮಗು ಕೆಂಪಗಾಗಿ ಬೀರುವಿಗೆ ಅಂಟಿಕೊಂಡಿದೆ! "ಬಿಡು ಅಂತ ಅಕ್ಕ ಹೇಳ್ಲೇ ಇಲ್ಲ" ಎಂದು ಏದುಸಿರಿನಲ್ಲಿ ದೂರು. ಆವತ್ತಿನಿಂದ ಆರತಿ "ಬಿಡಿ" ಅನ್ನುವುದನ್ನು ಎಷ್ಟು ಗಟ್ಟಿಯಾಗಿ ಹೇಳಲು ಕಲಿತಳೆಂದರೆ ಕಾಯುವ ಬೆಂಚಿನವರೂ ಉಸಿರು ಬಿಡುತ್ತಿದ್ದರಂತೆ.

ಆಸ್ಪತ್ರೆಯಲ್ಲಿ ಅವಳಿಗೆ ತಲೆನೋವಾದದ್ದು ಮೂಳೆಗಳ ಹೆಸರಲ್ಲ, ಕರಿಮಣಿ. ಎದೆಯ ಎಕ್ಸ್-ರೇಗೆ ಬಂದ ಹೆಂಗಸರು ಬಳೆ ತೆಗೆಯುತ್ತಾರೆ, ಪಿನ್ನು ತೆಗೆಯುತ್ತಾರೆ, ಕರಿಮಣಿ ತೆಗೆಯಿರಿ ಎಂದರೆ ಕೈ ಎದೆಗೆ ಹೋಗುತ್ತದೆ. ಕೆಲವರು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಲ್ಲುತ್ತಾರೆ, ಆಗ ಉಸಿರು ಹಿಡಿಯಲಾಗದೆ ಚಿತ್ರ ಕಲಸಿಹೋಗುತ್ತದೆ. ದುರ್ಗೇಶ್ ಅವರದ್ದು ಒಂದೇ ಮದ್ದು: "ತೆಗೀರಮ್ಮಾ, ನಿಮ್ಮ ಯಜಮಾನ್ರು ಹೊರಗೆ ಗಟ್ಟಿಮುಟ್ಟಾಗಿ ಕೂತು ಬೋಂಡ ತಿಂತಿದಾರೆ!" ಕೆಲವರು ನಗುತ್ತಿದ್ದರು, ಕೆಲವರ ಕಣ್ಣು ತುಂಬುತ್ತಿತ್ತು.

"ಅಳಿಸಿ ತೆಗೆದ ಫೋಟೋ ನಂಗೆ ಬೇಡ ಅಕ್ಕಾ" ಅಂದಳು ಆರತಿ.

ಉಪಾಯ ಹೇಳಿಕೊಟ್ಟವಳು ನಾನು. ನನ್ನ ಸರ ಕಡಿದು ಅಕ್ಕಸಾಲಿಯ ಹತ್ತಿರ ಕೊಟ್ಟಿದ್ದಾಗ, ಬರಿ ಕೊರಳಲ್ಲಿರಬಾರದೆಂದು ಅತ್ತೆ ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಕೊರಳಿಗೆ ಹಾಕಿದ್ದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುವುದೇ. "ಅದನ್ನೇ ಇಟ್ಕೋ. ಮೊದಲು ದಾರ ಕಟ್ಟು, ಆಮೇಲೆ ಸರ ತೆಗಿ ಅನ್ನು. ಚಿನ್ನ ಅಲ್ಲವಲ್ಲ, ಕಾಣೋದಿಲ್ಲ" ಅಂದೆ. ನೂಲಿಗೆ ಅರಿಶಿನ ತೀಡಿ, ಅವಳಪ್ಪನ ಅಂಗಡಿಯ ಕೊಂಬುಗಳನ್ನೇ ಕಟ್ಟಿ ನಾಲ್ಕು ದಾರ ಮಾಡಿಕೊಟ್ಟೆ. ಎಷ್ಟು ಬೀಗಿದೆನೆಂದರೆ ಆ ದಿನದ ದಿನಚರಿಯಲ್ಲಿ ಅದರ ಚಿತ್ರವನ್ನೂ ಬರೆದಿದ್ದೇನೆ.

ಆರತಿ ನನಗಿಂತ ಜಾಗರೂಕೆ. ಕೊಂಬು ಚಿತ್ರದೊಳಗೆ ಬರದ ಹಾಗೆ ಹಿಂದಕ್ಕೆ ತಿರುಗಿಸಿ ಕತ್ತಿನ ಬುಡಕ್ಕೆ ಬಿಡುತ್ತಿದ್ದಳು. ಒಂದು ತಿಂಗಳು ಎಲ್ಲ ಸಲೀಸಾಗಿ ನಡೆಯಿತು. "ಆ ಹುಡುಗಿನೇ ತೆಗೀಲಿ" ಎಂದು ಕಾಯುವ ಹೆಂಗಸರೂ ಆದರು.

ನವೆಂಬರಿನ ಒಂದು ಮಂಗಳವಾರ ಜಲಜಾಕ್ಷಮ್ಮ ಬಂದರು. ಹೊಸನಗರದಿಂದ ಆಚೆಗಿನ ಹಳ್ಳಿ, ಅರವತ್ತರ ವಯಸ್ಸು, ಒಂದು ತಿಂಗಳಿಂದ ಬಿಡದ ಕೆಮ್ಮು. ಜೊತೆಗೆ ಗಂಡ ಶಂಭು ಭಟ್ಟರು. ಆರತಿ ದಾರ ಕಟ್ಟಿದಳು, ಸರ ತೆಗೆಸಿ ಭಟ್ಟರ ಕೈಗೆ ಕೊಟ್ಟಳು, ಗೌನು ತೊಡಿಸಿದಳು, ಎಕ್ಸ್-ರೇ ಪ್ಲೇಟಿಗೆ ಎದೆ ಒತ್ತಿ ನಿಲ್ಲಿಸಿದಳು. ದುರ್ಗೇಶ್ ಪಕ್ಕದಲ್ಲೇ ಇದ್ದರು. ಉಸಿರು ಹಿಡಿಯಿರಿ, ಬಿಡಿ. ಆಯಿತು.

ಚಿತ್ರ ನೋಡಿದ ಡಾಕ್ಟರು ಬಲಗಡೆ ಶ್ವಾಸಕೋಶದ ಮೇಲೆ ಬೆರಳು ಇಟ್ಟರು. ಅಲ್ಲೊಂದು ಮಸುಕಾದ ಗಂಟು. ವಯಸ್ಸು, ಕೆಮ್ಮು ಎರಡನ್ನೂ ನೋಡಿ, ಶುಕ್ರವಾರವೇ ಶಿವಮೊಗ್ಗಕ್ಕೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು. ಅವರ ತಪ್ಪೇನೂ ಇಲ್ಲ, ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಬುಧವಾರ ಸಂಜೆ ಆರತಿ ಬಂದು ಮೆಟ್ಟಿಲ ಮೇಲೆ ಕೂತಳು. ಮೇಧಾ ತಟ್ಟೆ ಹಿಡಿದು ಎದುರಿಗೆ ಕೂತಳು. ಆರತಿ ಊಟದ ಡಬ್ಬಿ ಬಿಚ್ಚಲಿಲ್ಲ. ಬಿಸಿಲು ಗೋಡೆಯಿಂದ ಸರಿದು ತೆಂಗಿನ ತುದಿಗೆ ಹೋಯಿತು.

"ಅಕ್ಕಾ, ಸೂರ್ಯ ಹೋಗ್ತಾ ಇದಾನೆ!" ಎಂದು ಮೇಧಾ ಗಾಬರಿಯಿಂದ ಕೂಗಿದಳು.

"ಹೋಗ್ಲಿ ಬಿಡು ಪುಟ್ಟಾ."

"ಎಂತ ಆಯ್ತೇ?" ಅಂದೆ ನಾನು.

"ಆ ಗಂಟು ಅವರ ಒಳಗಿಲ್ಲ ಅಕ್ಕಾ. ಅದು ನಮ್ಮ ಅರಿಶಿನ ಕೊಂಬು."

ಸಂಜೆ ಚಿತ್ರಗಳನ್ನು ಜೋಡಿಸುವಾಗ ಮತ್ತೊಮ್ಮೆ ನೋಡಿದಳಂತೆ. ಗಂಟಿನ ಅಂಚು ತೀರ ಚೂಪಾಗಿದೆ, ಉದ್ದುದ್ದ ಇದೆ. ಆಗ ನೆನಪಾಯಿತು. ದಾರ ವಾಪಸು ಕೊಡುವಾಗ ಜಲಜಾಕ್ಷಮ್ಮ ಅದನ್ನು ಬೆನ್ನ ಕಡೆಯಿಂದ ತೆಗೆಯಲಿಲ್ಲ, ಎದೆಯ ಮೇಲಿಂದ ಎಳೆದು ಕೊಟ್ಟರು. ತಾಳಿ ಇರಬೇಕಾದ ಜಾಗಕ್ಕೆ ಅವರೇ ಗೌನಿನೊಳಗೆ ತಿರುಗಿಸಿಕೊಂಡಿದ್ದರು. ಪ್ಲೇಟಿಗೆ ಒತ್ತಿದಾಗ ಅದು ಬಲಕ್ಕೆ ಸರಿದಿದೆ. ಚಿತ್ರ ತೆಗೆಯುವ ಮುಂಚೆ ಇವಳು ಗೌನಿನೊಳಗೆ ಇನ್ನೊಮ್ಮೆ ನೋಡಲಿಲ್ಲ.

"ಖಾತ್ರೀನಾ?"

"ನೂರಕ್ಕೆ ತೊಂಬತ್ತು. ದುರ್ಗೇಶ್ ಸಾರ್‌ಗೆ ಹೇಳಿದ್ರೆ ಲಾಗ್ ಬುಕ್ ಕಥೆ ಮುಗೀತು."

ಆಗ ನಾನು ಕೊಟ್ಟ ಸಲಹೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಸುಮ್ನಿರೇ. ನಾಡಿದ್ದು ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡ್ತಾರೆ, ಏನೂ ಇಲ್ಲ ಅಂತಾರೆ. ಅವರೂ ಖುಷಿಯಾಗಿ ಮನೆಗೆ ಹೋಗ್ತಾರೆ, ನಿನ್ನ ಪರೀಕ್ಷೆನೂ ಆಗುತ್ತೆ" ಅಂದೆ.

ಆರತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ.

"ನಾಡಿದ್ದಿನವರೆಗೆ ಅವರು ಏನಂತ ಅನ್ನ ತಿಂತಾರೆ ಅಕ್ಕಾ? ಆಮೇಲೆ ಆ ಸ್ಕ್ಯಾನಲ್ಲಿ ಕಿರಣ ನಮ್ಮದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬೇಡದ ಕಿರಣ ಒಂದು ಚೂರೂ ಕೊಡ್ಬಾರ್ದು ಅಂತ ಮೊದಲ್ನೇ ದಿನವೇ ಬರೆಸಿದ್ದು ನಮಗೆ."

ಆ ಸಂಜೆ ಅವಳು ಊಟ ಮಾಡಲಿಲ್ಲ. ಬೆಳಿಗ್ಗೆ ಅದೇ ದಾರವನ್ನು ಕೈಚೀಲಕ್ಕೆ ಹಾಕಿಕೊಂಡು ಎಂಟಕ್ಕೇ ಹೊರಟಳು. ಮೇಧಾಳನ್ನು ವ್ಯಾನು ಹತ್ತಿಸಿ ನಾನೂ ಹಿಂದೆಯೇ ಹೋದೆ. ಉಪಾಯ ನನ್ನದಲ್ಲವೇ, ಮನೆಯಲ್ಲಿ ಕೂರಲಾಗಲಿಲ್ಲ. ಎಕ್ಸ್-ರೇ ಕೋಣೆಯ ಎದುರಿನ ಬೆಂಚಿನಲ್ಲಿ ಕೂತೆ. ಬಾಗಿಲು ತೆರೆದೇ ಇತ್ತು.

ಆರತಿ ಎಲ್ಲವನ್ನೂ ಹೇಳಿ ಮುಗಿಸಿದಳು. ದುರ್ಗೇಶ್ ಸಿಡಿದರು.

"ಇದೇನು ಆಸ್ಪತ್ರೆನಾ, ಮದುವೆ ಮಂಟಪನಾ? ಯಾರು ಹೇಳ್ಕೊಟ್ಟಿದ್ದು ನಿಂಗೆ ಈ ಕೊಂಬು ಕಟ್ಟೋ ಶಾಸ್ತ್ರ?"

ನಾನು ಬೆಂಚಿನಿಂದ ಏಳಬೇಕಿತ್ತು. ಏಳಲಿಲ್ಲ.

"ಕಟ್ಟಿದ್ದು ನಾನು ಸಾರ್. ನೋಡ್ದೇ ಇದ್ದಿದ್ದೂ ನಾನು" ಅಂದಳು ಆರತಿ.

"ಲಾಗ್ ಬುಕ್ ತಾ ಇಲ್ಲಿ."

ಪುಸ್ತಕ ಮೇಜಿನ ಮೇಲೆ ಬಿದ್ದ ಸದ್ದು, ಡ್ರಾಯರ್ ಎಳೆದು ಹಾಕಿದ ಸದ್ದು ಎರಡೂ ಕೇಳಿದವು. ಅವಳ ಒಂದು ವರ್ಷ ಆ ಡ್ರಾಯರಿನೊಳಗೆ ಹೋಯಿತು ಅಂದುಕೊಂಡೆ.

"ಅದು ಆಮೇಲೆ ಸಾರ್. ಮೊದಲು ಈ ಕೊಂಬನ್ನ ಪ್ಲೇಟ್ ಮೇಲಿಟ್ಟು ಒಂದು ಎಕ್ಸ್-ರೇ ಹೊಡೀರಿ. ಬೇರೆ ಏನಾದ್ರೂ ಆಗಿದ್ರೆ ಅವರು ಶಿವಮೊಗ್ಗಕ್ಕೆ ಹೋಗ್ಲೇಬೇಕು."

ಬಾಗಿಲು ಮುಚ್ಚಿತು. ಮೇಲಿನ ಕೆಂಪು ದೀಪ ಹೊತ್ತಿ ಆರಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೇಳಿದ್ದು ದುರ್ಗೇಶ್ ಅವರ ನಗು. ತಡೆಯಲು ನೋಡಿ ಸೋತ ನಗು.

"ಗೆಡ್ಡೆ ತಿನ್ನಲ್ಲ ಗೆಡ್ಡೆ ತಿನ್ನಲ್ಲ ಅಂತ ನನ್ನ ಆಲೂಬೋಂಡ ಮುಟ್ದೇ ಇದ್ದವಳು, ಕೊನೆಗೆ ಗೆಡ್ಡೆಗೇ ಎಕ್ಸ್-ರೇ ತೆಗ್ದ್ಯಲ್ಲೇ ಮಾರಾಯ್ತಿ!"

ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದರಂತೆ. ಅದೇ ಉದ್ದ, ಅದೇ ಸಣ್ಣ ಕವಲು. ಡಾಕ್ಟರು ಬಂದು ನೋಡಿ, ತಾವೇ ಶಂಭು ಭಟ್ಟರಿಗೆ ಫೋನ್ ಮಾಡಿದರು. ಮಧ್ಯಾಹ್ನದ ಬಸ್ಸಿಗೆ ಗಂಡಹೆಂಡತಿ ಇಬ್ಬರೂ ಬಂದಿಳಿದರು. ಈ ಸಲ ದುರ್ಗೇಶ್ ಅವರೇ ಚಿತ್ರ ತೆಗೆದರು, ಆರತಿ ನಿಲ್ಲಿಸಿದಳು. ಎರಡು ದಿನದಲ್ಲಿ ಮುಖ ಒಣಗಿಸಿಕೊಂಡಿದ್ದ ಜಲಜಾಕ್ಷಮ್ಮ ದಾರ ಬೇಡ ಅನ್ನಲೂ ಇಲ್ಲ, ಬೇಕು ಅನ್ನಲೂ ಇಲ್ಲ, ಕರಿಮಣಿ ತೆಗೆದು ಆರತಿಯ ಅಂಗೈಯಲ್ಲೇ ಇಟ್ಟರು.

ಶ್ವಾಸಕೋಶ ಎರಡೂ ಕಡೆ ಸ್ವಚ್ಛ. ಕೆಮ್ಮು ಮಾಮೂಲಿ ಕೆಮ್ಮು.

ಆರತಿ ಅವರ ಮುಂದೆ ಕೂತು, ತಪ್ಪು ತನ್ನದೆಂದು ಬಿಡಿಸಿ ಹೇಳಿದಳು. ಜಲಜಾಕ್ಷಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಒಂದಿಷ್ಟು ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಶುರು ಮಾಡಿದರು.

"ಎಂತದು ಮಾರಾಯ್ತಿ ನೀನು! ನಾನು ನಿನ್ನೆನೇ ನನ್ನ ಎರಡು ರೇಷ್ಮೆ ಸೀರೆ ಸೊಸೆಯಂದಿರಿಗೆ ಕೊಟ್ಟಾಗಿದೆ. ಈಗ ವಾಪಸ್ ಕೇಳೋದು ಹೆಂಗೆ?"

"ನಾನೇ ಬಂದು ಕೇಳ್ಲಾ ಅಮ್ಮಾ?" ಅಂದಳು ಆರತಿ.

"ಬೇಡ್ವೇ, ದೊಡ್ಡ ಸೊಸೆ ಆಗ್ಲೇ ಫಾಲ್ ಹಾಕಕ್ಕೆ ಕೊಟ್ಟಿದಾಳೆ!"

"ನಂಗೆ ನಿನ್ನೆಯಿಂದ ಬೈಯ್ಯೋರು ಇರ್ಲಿಲ್ಲ. ಇವತ್ತು ಮತ್ತೆ ಶುರು" ಎಂದರು ಶಂಭು ಭಟ್ಟರು. ಹೊರಡುವಾಗ ಕರಿಮಣಿ ಸರವನ್ನು ಆರತಿಯ ಕೈಯಿಂದಲೇ ಹೆಂಡತಿಗೆ ಹಾಕಿಸಿದರು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬಾರದು. ದುರ್ಗೇಶ್ ನಗುವ ಮನುಷ್ಯ, ಮರೆಯುವವರಲ್ಲ. ಮೂರು ವಾರ ಆರತಿಗೆ ಗುಂಡಿ ಒತ್ತಲು ಬಿಡಲಿಲ್ಲ. ರೋಗಿಗಳನ್ನು ಸಿದ್ಧಪಡಿಸುವುದು, ಗೌನು ತೊಡಿಸುವುದು, ನಿಲ್ಲಿಸುವುದು, ಇಷ್ಟೇ. ಪ್ರತಿಯೊಬ್ಬರ ಮೈಮೇಲಿನ ತಾಯತ, ಉಡಿದಾರ, ಪಿನ್ನು, ಜೇಬಿನ ಚಿಲ್ಲರೆ ಎಲ್ಲವನ್ನೂ ತಾನೇ ನೋಡಿ, "ನೋಡಿದ್ದೇನೆ ಸಾರ್" ಎಂದು ಗಟ್ಟಿಯಾಗಿ ಹೇಳಬೇಕು. ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ಹತ್ತಿರ ಬರುತ್ತಿತ್ತು. ಡ್ರಾಯರ್ ಮುಚ್ಚಿಯೇ ಇತ್ತು. ಅವಳು ಒಂದು ದಿನವೂ ಅದರ ಬಗ್ಗೆ ಕೇಳಲಿಲ್ಲ. ಸಂಜೆ ಬಂದು ಮೇಧಾಳ ಜೊತೆ ಊಟ ಮಾಡಿ ಓದಲು ಕೂರುತ್ತಿದ್ದಳು.

ಅಷ್ಟರಲ್ಲಿ ಜಲಜಾಕ್ಷಮ್ಮ ಹೊಸನಗರದ ಬಸ್ಸಿನಲ್ಲಿ ಈ ಕಥೆಯನ್ನು ಯಾರಿಗೆಲ್ಲ ಹೇಳಿದರೋ, ಅದು ಹುಂಚದ ಅಂಗಡಿಗೂ ತಲುಪಿತು. ದೇವಕುಮಾರ ಅವರ ಫೋನು ಬಂದಾಗ ಆರತಿ ನನ್ನ ಅಡುಗೆಮನೆಯಲ್ಲಿದ್ದಳು. ಬೈಗುಳಕ್ಕೆ ಸಿದ್ಧಳಾಗಿ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟಳು.

"ಏನೇ, ಅದು ನಮ್ಮ ಅಂಗಡಿ ಕೊಂಬೇ ಅಂತಲ್ಲ?"

"ಹೌದಪ್ಪಾ."

"ಮಾಲು ಗಟ್ಟಿ ಇದೆ ಅಂತ ಆಯ್ತು ಬಿಡು." ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟು ಮುಂದುವರಿಸಿದರು. "ಆಯಮ್ಮನ ಕಡೆಯೋರು ಒಬ್ರು ಅಂಗಡಿಗೆ ಬಂದಿದ್ರು. ತಪ್ಪು ಮಾಡಿ ಫೋನ್ ಮಾಡಿ ಕರೆಸಿ ಹೇಳೋ ಆಸ್ಪತ್ರೆಯೋರನ್ನ ನಾವು ನೋಡಿಲ್ಲ ಅಂದ್ರು. ಅವಳು ನನ್ನ ಮಗಳು ಅಂತ ಹೇಳ್ಕೊಂಡೆ. ಊಟ ಆಯ್ತಾ? ಹೊತ್ತು ಮುಳುಗ್ತಾ ಬಂತು ನೋಡು."

ಆರತಿ ಆವತ್ತು ನನ್ನ ಅಡುಗೆಮನೆಯಲ್ಲೇ ಕೂತು ಉಂಡಳು. ಮೂರು ರೊಟ್ಟಿ ಎಂದು ದಿನಚರಿಯಲ್ಲಿದೆ.

ಅರ್ಜಿಯ ಕೊನೆಯ ದಿನಕ್ಕೆ ಎರಡು ದಿನ ಮುಂಚೆ ದುರ್ಗೇಶ್ ಡ್ರಾಯರ್ ತೆಗೆದರು. ಆ ಮಂಗಳವಾರದ ಪುಟ ಬಿಡಿಸಿ, ನಡೆದದ್ದನ್ನು ಅವಳ ಕೈಯಲ್ಲೇ ಬರೆಸಿದರು. ಅದರ ಕೆಳಗೆ ತಾವು ಒಂದು ಸಾಲು ಸೇರಿಸಿ ಸಹಿ ಹಾಕಿದರು. ಆ ಪುಟವನ್ನು ನಾನೇ ಓದಿದ್ದೇನೆ. "ಪಕ್ಕದಲ್ಲಿದ್ದ ನಾನೂ ನೋಡಲಿಲ್ಲ. ಈ ವಿದ್ಯಾರ್ಥಿನಿ ತಾನಾಗಿಯೇ ಕಂಡುಹಿಡಿದು ತಿಳಿಸಿದಳು. ಇವಳ ಕೈಗೆ ನನ್ನ ಮನೆಯವರನ್ನು ಒಪ್ಪಿಸಬಲ್ಲೆ."

ಆರತಿ ಪರೀಕ್ಷೆ ಬರೆದಳು, ಮೊದಲ ದರ್ಜೆಯಲ್ಲಿ ಪಾಸಾದಳು. ಈಗ ತೀರ್ಥಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಅಲ್ಲೂ ವರ್ಷದಿಂದ ಯಂತ್ರ ಸುಮ್ಮನಿತ್ತಂತೆ. ಮೊದಲ ದಿನ ಅದರ ಮೇಲಿನ ಬಟ್ಟೆ ತೆಗೆದು ಒರೆಸಿ, ಅಪ್ಪನಿಗೆ ಫೋಟೋ ಕಳಿಸಿದ್ದಾಳೆ. ನನಗೂ ಒಂದು ಬಂತು. ಅದನ್ನು ಮೇಧಾಗೆ ತೋರಿಸಿದೆ. "ಲೀಡರ್ ಬ್ಯಾಡ್ಜ್ ಇನ್ನೂ ಇದೆ" ಅಂದಳು.

ನಮ್ಮ ಮಹಡಿಯಲ್ಲಿ ವರ್ಷ ತುಂಬುವ ಮುಂಚೆಯೇ ಹೋದಳಲ್ಲ ಎಂದು ಬೇಜಾರಿದ್ದರೂ, ಆ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಬೆನ್ನು ನೆಟ್ಟಗಾಗುತ್ತದೆ. ನನ್ನ ಮಗಳು ದಿನಾ ಸಂಜೆ ಯಾರ ಎದುರು ಕೂತು ಉಂಡಳೆಂದು ನೆನಪಾಗುತ್ತದೆ. ಬೆಂಚಿನಲ್ಲಿ ಕೂತೇ ಇದ್ದ ನನ್ನ ನೆನಪೂ ಬರುತ್ತದೆ.

ಹೋದ ಭಾನುವಾರ ಆರತಿ ಬಂದಿದ್ದಳು. ಅಪ್ಪನ ಅಂಗಡಿಯ ಬೆಲ್ಲ ತಂದಿದ್ದಳು. ಕಾಫಿ ಕುಡಿದು, ಮೇಧಾಳ ಬಿದ್ದ ಹಲ್ಲನ್ನು ಪರೀಕ್ಷೆ ಮಾಡಿ, ಹೊರಡುವಾಗ ಬಾಗಿಲಲ್ಲಿ ನಿಂತಳು.

"ವಂದನಕ್ಕಾ, ಒಂದು ಉಪಕಾರ ಆಗ್ಬೇಕು. ಅಲ್ಲೂ ಹೆಂಗಸ್ರು ಕರಿಮಣಿ ಹಲ್ಲಲ್ಲಿ ಕಚ್ತಾರೆ. ಡಾಕ್ಟ್ರ ಹತ್ರ ಕೇಳಿ ಒಪ್ಪಿಸಿದೀನಿ. ಒಂದು ಐವತ್ತು ದಾರ ಮಾಡ್ಕೊಡಿ. ಅರಿಶಿನ ತೀಡಿದ ಬರೀ ದಾರ, ಕೊಂಬು ಬೇಡ. ಕತ್ತಿಗೆ ಹತ್ತಿರ ಬರೋ ಹಾಗೆ ಗಿಡ್ಡ ಇರ್ಲಿ. ಒಂದೊಂದನ್ನೂ ಪ್ಲೇಟ್ ಮೇಲಿಟ್ಟು ನೋಡಿನೇ ಕಟ್ತೀನಿ."

"ಬುಧವಾರದೊಳಗೆ ಮಾಡಿ ಕಳಿಸ್ತೀನಿ" ಅಂದೆ.

ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋದವಳು ತಿರುಗಿ ಬಂದಳು.

"ಇನ್ನೊಂದು. ಇದು ಯಾರ ಉಪಾಯ ಅಂತ ಈ ಸಲ ಯಾರಾದ್ರೂ ಕೇಳಿದ್ರೆ, ನಿಮ್ಮ ಹೆಸರು ಹೇಳ್ಬಹುದಾ ಅಕ್ಕಾ?"